ಬೆಂಗಾವಲಿಲ್ಲದೆ ನಂದಿ ಬೆಟ್ಟ

ಈ ರಾಜ್ಯದಲ್ಲಿ ಬೆಂಗಾವಲಿಲ್ಲದೆ ಮನೆಯಿಂದ ಹೊರಗೆ ಕಾಲಿಡುವಂತಿಲ್ಲದವರೆಂದರೆ ಮಂತ್ರಿಗಳು, ದೊಡ್ಡ ಮಠದ ಸ್ವಾಮಿಗಳು ಮತ್ತು ನಾನು. ಅವರಿಗೆ ಸರ್ಕಾರ ಬಂದೂಕು ಹಿಡಿದವರನ್ನು ಒದಗಿಸುತ್ತದೆ. ನನ್ನ ವಿಷಯದಲ್ಲಿ ಸರ್ಕಾರದ ಮೇಲೆ ಆ ಹೊರೆ ಬೀಳದಂತೆ ನನ್ನ ಹೆಂಡತಿಯೇ, ಕೈಯಲ್ಲೊಂದು ಬಟ್ಟೆ ಚೀಲ ಹಿಡಿದು, ಆ ಜವಾಬ್ದಾರಿ ಹೊತ್ತಿದ್ದಳು.

ತಪ್ಪು ನನ್ನದೇ. ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ-ಆಲೂಗಡ್ಡೆ ಮಂಡಿಯೊಂದರಲ್ಲಿ ಮೂವತ್ತೈದು ವರ್ಷ ತೂಕ ನೋಡಿದವನು ನಾನು. ಮೂಟೆ ತಕ್ಕಡಿ ಏರುವುದು, ನಾನು ತೂಕ ಕೂಗುವುದು, ಮೂಟೆ ಇಳಿಯುವುದು, ಜೀವನಚರಿತ್ರೆ ಅಷ್ಟೆ. ಕೆಲಸ ಬಿಟ್ಟ ಮೇಲೂ ವಾರಕ್ಕೆರಡು ಸಲ ಅಲ್ಲಿಗೆ ಹೋಗಿ, ಹೊಸಬರ ತೂಕ ಸರಿಯಿದೆಯೇ ಎಂದು ಯಾರೂ ಕೇಳದಿದ್ದರೂ ಪರೀಕ್ಷಿಸಿ ಬರುತ್ತಿದ್ದೆ. ಹಾಗೆ ಹೋದ ಒಂದು ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದೆ, ತಿಂಡಿ ತಿಂದಿರಲಿಲ್ಲ. ಮಂಡಿಯ ಮುಂದೆ ನಿಂತಿದ್ದವನಿಗೆ ಇದ್ದಕ್ಕಿದ್ದಂತೆ ಆಕಾಶ ಎಡಕ್ಕೆ ವಾಲಿದಂತಾಯಿತು. ಕಣ್ಣು ಬಿಟ್ಟಾಗ ನನ್ನ ತಲೆ ಒಂದು ಈರುಳ್ಳಿ ಮೂಟೆಯ ಮೇಲಿತ್ತು, ಹಳೇ ಹಮಾಲಿಯೊಬ್ಬ ಮುಖಕ್ಕೆ ಸೋಡಾ ಚಿಮುಕಿಸುತ್ತಿದ್ದ. ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಆದರೆ ಸುದ್ದಿ ನನಗಿಂತ ಮೊದಲೇ ಬಾಗಲಗುಂಟೆಯ ನಮ್ಮ ಮನೆ ತಲುಪಿತ್ತು, ಅದೂ ಫೋನಿನಲ್ಲಿ, ಅದೂ "ಅಣ್ಣಾವ್ರು ಬಿದ್ಬಿಟ್ರು" ಎಂಬ ಎರಡೇ ಶಬ್ದಗಳಲ್ಲಿ.

ಆವತ್ತಿನಿಂದ ಸ್ಕೂಟರಿನ ಕೀಲಿ ಅಕ್ಕಿ ಡಬ್ಬಿಯೊಳಗೆ ಹೋಯಿತು. ಹಾಲಿಗೆ ಹೋದರೆ ಹೆಂಡತಿ ಜೊತೆಗೆ, ಪೇಪರಿಗೆ ಹೋದರೆ ಜೊತೆಗೆ. ಕಡೆಗೆ ಕ್ಷೌರದಂಗಡಿಗೂ ಬಂದಳು. ಅಲ್ಲಿ ಬೆಂಚಿನ ಮೇಲೆ ಕೂತು ಅವಳು ಪೇಪರ್ ಬಿಚ್ಚಿದ ತಕ್ಷಣ, ರಾಜಕೀಯ ಮಾತಾಡುತ್ತಿದ್ದ ನಾಲ್ಕು ಜನ ಗಂಡಸರು ಶಾಲೆಯ ಮಕ್ಕಳಂತೆ ಬಾಯಿ ಮುಚ್ಚಿದರು. ಕ್ಷೌರಿಕ ನನ್ನ ಕಿವಿಯಲ್ಲಿ, "ಸಾರ್, ತಪ್ಪು ತಿಳ್ಕೋಬೇಡಿ, ಮುಂದಿನ್ ಸಲ ಮನೆಗೇ ಬಂದ್ಬಿಡ್ತೀನಿ" ಎಂದ. ವ್ಯಾಪಾರ ಹಾಳಾಗುತ್ತದೆಂಬ ಭಯ ಪಾಪ.

ಹೀಗಿರುವಾಗ ನನ್ನ ಬದುಕಿಗೆ ಸೈಕಲ್ ಬಂತು. ಹೆಂಡತಿಯ ತಮ್ಮ, ಅಂದರೆ ನನ್ನ ಭಾಮೈದ, ಮಾಕಳಿಯವನು. ತಾತನ ಕಾಲದ ರಾಗಿ ಹೊಲದಲ್ಲಿ ಈಗ ನಾಲ್ಕಂತಸ್ತಿನ ಮೂರು ಕಟ್ಟಡ ಬೆಳೆದಿದ್ದಾನೆ. ಕಟ್ಟಡಗಳ ಜೊತೆ ಅವನ ಹೊಟ್ಟೆಯೂ ಬೆಳೆದು, ಅದನ್ನು ಕರಗಿಸಲೆಂದು ಇಪ್ಪತ್ತೊಂದು ಗೇರಿನ ಸೈಕಲ್ ಕೊಂಡಿದ್ದ. ಮೂರು ದಿನ ತುಳಿದ. ನಾಲ್ಕನೇ ದಿನದಿಂದ ಅದರ ಮೇಲೆ ಟವಲ್ ಒಣಗುತ್ತಿತ್ತು.

"ತಗಂಡೋಗಿ ಭಾವ" ಅಂದ ಒಂದು ದಿನ. "ನಂಗೆ ಅದ್ರ ಸೀಟು ಆಗಕ್ಕಿಲ್ಲ. ಅದ್ರ ಮ್ಯಾಲೆ ಕುಂತ್ರೆ ಯಾವ್ದೋ ಶಿಕ್ಷೆ ಕೊಟ್ಟಂಗಾಯ್ತದೆ."

ಹೆಂಡತಿ ಒಪ್ಪಿದಳು, ಆದರೆ ಗಡಿ ಗುರುತಿಸಿದ ಮೇಲೆ. ನಮ್ಮ ಮನೆಯ ಮಹಡಿಯಿಂದ ಎಲ್ಲಿಯವರೆಗೆ ಕಣ್ಣು ಹಾಯುತ್ತದೋ ಅಲ್ಲಿಯವರೆಗೆ ಸೈಕಲ್ ಹೋಗಬಹುದು. ಅಂದರೆ ಪೂರ್ವಕ್ಕೆ ಗಣೇಶನ ಗುಡಿ, ಪಶ್ಚಿಮಕ್ಕೆ ನೀರಿನ ಟ್ಯಾಂಕು. ಟ್ಯಾಂಕಿನ ಏರು ನಮ್ಮ ಬಡಾವಣೆಯ ಏಕೈಕ ಪರ್ವತ. ಅವಳು ಬಟ್ಟೆ ಒಣಹಾಕುತ್ತ ನೋಡುತ್ತಿದ್ದಂತೆ ನಾನು ದಿನಕ್ಕೆ ಹತ್ತು ಸಲ ಆ ಪರ್ವತ ಏರಿ ಇಳಿಯುತ್ತಿದ್ದೆ. ಇಳಿಯುವಾಗ ಬ್ರೇಕು ಹಿಡಿಯುತ್ತಿದ್ದದ್ದು ಕಡಿಮೆ. ನಾನು ಕಲಿತ ಬಾಡಿಗೆ ಸೈಕಲ್ಲಿಗೆ ಬ್ರೇಕೇ ಇರಲಿಲ್ಲ, ಚಪ್ಪಲಿ ನೆಲಕ್ಕೆ ಉಜ್ಜಿ ನಿಲ್ಲಿಸಿ ಅಭ್ಯಾಸ. ಈ ವಿವರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಆರು ತಿಂಗಳಲ್ಲಿ ಏದುಸಿರು ಹೋಯಿತು. ಡಾಕ್ಟರು ರಕ್ತ ನೋಡಿ, "ಏನ್ ಮಾಡ್ತಿದೀರೋ ಅದನ್ನೇ ಮಾಡಿ" ಎಂದರು. ಇದನ್ನು ನಾನು ಸಾಮ್ರಾಜ್ಯ ವಿಸ್ತರಣೆಗೆ ಸಿಕ್ಕ ಅಪ್ಪಣೆ ಎಂದು ಭಾವಿಸಿ, ಒಂದು ಭಾನುವಾರ ಟ್ಯಾಂಕನ್ನು ದಾಟಿ ಹೆಸರಘಟ್ಟ ರಸ್ತೆಗೆ ನುಗ್ಗಿದೆ. ಎಷ್ಟು ಹಿತವಾಗಿತ್ತೆಂದರೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಭಾಮೈದ ತನ್ನ ತರಕಾರಿ ಸಾಗಿಸುವ ಲಗೇಜ್ ಆಟೋದಲ್ಲಿ ನನ್ನನ್ನು ಹುಡುಕಿಕೊಂಡು ಬಂದಾಗ, ನಾನು ಕಬ್ಬಿನ ಹಾಲಿನ ಗಾಡಿಯ ಮುಂದೆ, ಕೈಯಲ್ಲಿ ತುಂಬಿದ ಗ್ಲಾಸಿನೊಂದಿಗೆ ಇದ್ದೆ. ಸಕ್ಕರೆ ಕಾಯಿಲೆಯವನನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಭಂಗಿ ಇಲ್ಲ.

ಅವನು ಫೋನ್ ತೆಗೆದು, "ಅಕ್ಕ, ಸಿಕ್ಕುದ್ರು. ಜೀವಂತವಾಗವ್ರೆ. ಕಬ್ಬಿನಾಲು ಕುಡೀತಾವ್ರೆ" ಎಂದು ವರದಿ ಒಪ್ಪಿಸಿದ.

ಮನೆಯಲ್ಲಿ ವಿಚಾರಣೆ ನಡೆಯಿತು. ಅವಳು ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ನನ್ನದು ಮೆಟ್ಟಿಕೊಂಡು ಟ್ಯಾಂಕಿನವರೆಗೂ ಓಡಿ ಬಂದಿದ್ದಳಂತೆ. ಆ ಬೆಸ ಜೋಡಿ ಅವಳ ಕಾಲಲ್ಲಿ ಇನ್ನೂ ಹಾಗೇ ಇತ್ತು.

"ನಾನೇನು ಮಗುನಾ ಕಣೆ?" ಎಂದೆ. "ಅರವತ್ಮೂರು ವರ್ಷದವನು ಒಂದು ರಸ್ತೆ ದಾಟೋಕೆ ನಿನ್ನ ಪರ್ಮಿಷನ್ ಬೇಕಾ? ಇದು ಮನೆಯೋ ಜೈಲೋ?"

"ನೀವ್ ಬಿದ್ದಿರಲ್ಲ ಆವತ್ತು" ಎಂದಳು. ದನಿ ಏರಿಸಲಿಲ್ಲ. "ನಿಮಗೇನ್ ಗೊತ್ತಾಯ್ತು? ಕಣ್ ಮುಚ್ಚಿದ್ರಿ, ಕಣ್ ಬಿಟ್ರಿ. ಆ ಫೋನ್ ಎತ್ತಿದ್ದು ನಾನು. ಬಿದ್ಬಿಟ್ರು ಅಂತ ಹೇಳಿ ಇಟ್ಬಿಟ್ಟ ಆ ಪುಣ್ಯಾತ್ಮ. ಯಶವಂತಪುರಕ್ಕೆ ಬರೋ ತನಕ ಆಟೋದಲ್ಲಿ ನಾನ್ ಏನೇನ್ ಅಂದ್ಕೊಂಡೆ ಅಂತ ಯಾವತ್ತಾದ್ರೂ ಕೇಳಿದೀರಾ?"

ಕೇಳಿರಲಿಲ್ಲ. ನನ್ನ ವಾದದ ಸರಣಿಯಲ್ಲಿ ಇನ್ನೂ ಮೂರ್ನಾಲ್ಕು ಅಂಶಗಳು ಬಾಕಿ ಇದ್ದವು. ಅವನ್ನು ಹಾಗೇ ಬಿಟ್ಟೆ.

ಭಾಮೈದ ನಡುವೆ ತಮಾಷೆಗೆ ಬಾಯಿ ಹಾಕಿದ. "ಅಕ್ಕ, ಇಂಗೆ ಮಾಡು. ಭಾವ ಸೈಕಲ್ನಾಗೆ ನಂದಿ ಬೆಟ್ಟ ಅತ್ತಿ ಇಳುದ್ರೆ ಬುಟ್ಬುಡು, ಎಲ್ಲಿಗಾದ್ರೂ ಓಗ್ಲಿ. ಅವ್ರು ಅತ್ತುದ್ರೆ ನಾನೂ ಒಂದ್ ವರ್ಷ ಬೋಂಡಾ ಮುಟ್ಟಕ್ಕಿಲ್ಲ, ತಗೋ."

ಬೋಂಡಾ ಅವನ ಬದುಕಿನಲ್ಲಿ ಯಾವ ಸ್ಥಾನದಲ್ಲಿತ್ತೆಂದು ಬಲ್ಲವರಿಗೆ ಈ ಪ್ರತಿಜ್ಞೆಯ ಘೋರತೆ ಅರ್ಥವಾಗುತ್ತದೆ. ನಾನು ನಗಬೇಕೆಂದಿದ್ದೆ. ಆದರೆ ಹೆಂಡತಿ ನಗಲಿಲ್ಲ.

"ಆಯ್ತು" ಎಂದಳು. "ಒಬ್ಬರೇ ಹತ್ತಿ. ಸೈಕಲ್ ಮೇಲೇ ಹತ್ತಿ, ಸೈಕಲ್ ಮೇಲೇ ಇಳಿದು ಬಂದು ನನ್ನ ಮುಂದೆ ನಿಂತ್ಕೊಳ್ಳಿ. ಆಮೇಲೆ ನಾನು ನಿಮ್ಮ ಹಿಂದೆ ಚಪ್ಪಲಿ ಮೆಟ್ಟಿದ್ರೆ ಕೇಳಿ. ಆಗ್ಲಿಲ್ವಾ, ಸೈಕಲ್ ವಾಪಸ್ ಮಾಕಳಿಗೆ."

"ನೀನು ನಡುವೆ ಫೋನ್ ಮಾಡಬಾರದು" ಎಂದೆ.

ಇದಕ್ಕೆ ಒಪ್ಪಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಮಾಡಲ್ಲ" ಎಂದು ಚಪ್ಪಲಿ ಬಿಡಲು ಹೊರಗೆ ಹೋದಳು.

ಇಂಥ ಮಹಾಯಾತ್ರೆಗೆ ಮುಹೂರ್ತ ಬೇಡವೇ? ಆಯುಧಪೂಜೆ ಹತ್ತಿರದಲ್ಲಿತ್ತು. ಪೂಜೆ ಮುಗಿಸಿ, ವಿಜಯದಶಮಿ ಕಳೆದ ಮೂರನೇ ದಿನ ಹೊರಡುವುದೆಂದು ನಿಶ್ಚಯಿಸಿದೆ. ಮಂಡಿಯಲ್ಲಿ ಪ್ರತಿ ವರ್ಷ ಆಯುಧಪೂಜೆಯ ದಿನ ತಕ್ಕಡಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಎಳ್ಳೆಣ್ಣೆ ಸವರಿ, ಅದರ ಮೇಲೆ ವಿಭೂತಿ ಕುಂಕುಮ ಇಡುವ ಕೆಲಸ ನನ್ನದೇ ಆಗಿತ್ತು. ಬರೀ ಕಬ್ಬಿಣದ ಮೇಲೆ ಕುಂಕುಮ ನಿಲ್ಲುವುದಿಲ್ಲ, ಉದುರುತ್ತದೆ. ಎಣ್ಣೆ ಸವರಿದರೆ ವಾರಗಟ್ಟಲೆ ಕೂತಿರುತ್ತದೆ. ಮೂವತ್ತೈದು ವರ್ಷದ ಈ ವಿದ್ಯೆಯನ್ನೆಲ್ಲ ಸೈಕಲ್ಲಿಗೆ ಧಾರೆಯೆರೆದೆ. ಹ್ಯಾಂಡಲ್ಲಿಗೆ ಸೇವಂತಿಗೆ ಹಾರ, ಎರಡು ಪುಟ್ಟ ಬಾಳೆಕಂದು, ಚಕ್ರದಡಿ ನಿಂಬೆಹಣ್ಣು.

ಈಗಿನ ಸೈಕಲ್ಲುಗಳ ಚಕ್ರದ ನಡುವೆ, ತೂತು ತೂತಿನ ಹೊಳೆಯುವ ಉಕ್ಕಿನ ಬಿಲ್ಲೆಯೊಂದು ಇರುತ್ತದೆ. ಬ್ರೇಕು ಅದುಮಿದಾಗ ಹಿಡಿದು ನಿಲ್ಲಿಸುವುದು ಆ ಬಿಲ್ಲೆಯನ್ನೇ ಎಂದು ನನಗೆ ಆಮೇಲೆ ತಿಳಿಯಿತು. ಆವತ್ತು ಮಾತ್ರ ಅದು ವಿಷ್ಣುವಿನ ಬೆರಳಿನಿಂದ ಈಗಷ್ಟೇ ಇಳಿದು ಬಂದಂತೆ ಕಂಡಿತು. ಇಡೀ ಸೈಕಲ್ಲಿನಲ್ಲಿ ಕುಂಕುಮಕ್ಕೆ ಯೋಗ್ಯವಾದ ಜಾಗ ಅದೊಂದೇ. ಮುಂದಿನದಕ್ಕೂ ಹಿಂದಿನದಕ್ಕೂ, ಎರಡೂ ಮಗ್ಗುಲಿಗೆ, ಭಕ್ತಿಯಿಂದ ಎಳ್ಳೆಣ್ಣೆ ಸವರಿ ಮೂರೆಳೆ ವಿಭೂತಿ ಎಳೆದು ನಡುವೆ ಕುಂಕುಮ ಇಟ್ಟೆ.

ಆರತಿ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ, "ಆ ಬಿಲ್ಲೆಗೆ ಎಣ್ಣೆ ಯಾಕ್ರೀ? ಚೈನಿಗೆ ಹಾಕಿ, ಸಾಕು" ಎಂದಳು.

"ಆಯುಧದ ವಿಷಯ ನನಗೆ ಬಿಡು" ಎಂದೆ.

ಮರುದಿನ ಅಂಗಳದಲ್ಲಿ ಸೈಕಲ್ ಸರಿಸುವಾಗ ಬ್ರೇಕಿನಿಂದ ಕೀರಲು ದನಿ ಬಂತು. ಶಂಖದ ಧ್ವನಿಗೆ ಹತ್ತಿರವಿದೆ, ಶುಭ ಎಂದುಕೊಂಡೆ.

ಹೊರಟ ದಿನ ಬೆಳಗಿನ ಜಾವ ಭಾಮೈದ ಲಗೇಜ್ ಆಟೋ ತಂದ. ಹಿಂದೆ ಸೈಕಲ್ಲು, ಮುಂದೆ ನಾವು ಮೂವರು ಒತ್ತಿಕೊಂಡು. ಯಲಹಂಕ ದಾಟಿ, ದೇವನಹಳ್ಳಿ ದಾಟಿ, ದ್ರಾಕ್ಷಿ ತೋಟಗಳ ನಡುವಿನಿಂದ ಬೆಟ್ಟದ ಬುಡ ಸೇರುವಾಗ ಬೆಳಕಾಗಿತ್ತು. ಬೆಟ್ಟದ ಅರ್ಧ ಮಾತ್ರ ಇತ್ತು, ಮೇಲಿನರ್ಧವನ್ನು ಮಂಜು ನುಂಗಿತ್ತು. ಇದು ನನ್ನ ಅದೃಷ್ಟ. ಪೂರ್ತಿ ಕಂಡಿದ್ದರೆ ಅಲ್ಲೇ ರಾಜಿ ಮಾಡಿಕೊಳ್ಳುತ್ತಿದ್ದೆ.

ಎರಡು ಇಡ್ಲಿ ತಿನ್ನಿಸಿ, ಮಾತ್ರೆ ನುಂಗಿಸಿ, ನನ್ನ ಜೇಬಿಗೆ ಕಡ್ಲೆಮಿಠಾಯಿ ತುರುಕಿದಳು. "ತಲೆ ಸುತ್ತಿದ್ರೆ ಇಳೀರಿ. ಪೌರುಷ ತೋರಿಸ್ಬೇಡಿ."

ಭಾಮೈದ ಆಗಲೇ ಎಳನೀರಿನ ಅಂಗಡಿಯ ಪಕ್ಕದ ಬೋಂಡಾ ಬಾಣಲೆಯನ್ನು ವಿರಹದ ಕಣ್ಣಿನಿಂದ ನೋಡುತ್ತಿದ್ದ. "ಭಾವ, ಅರ್ಜೆಂಟೇನಿಲ್ಲ. ಅತ್ತದೆ ಓದ್ರೂ ನಂಗೇನ್ ಬೇಜಾರಿಲ್ಲ ಕಣ್ರೀ" ಎಂದು ಹರಸಿದ.

ಮೊದಲ ಎರಡು ತಿರುವು ನಾನು ಯುವಕನಂತೆ ಹತ್ತಿದೆ. ಮೂರನೆಯದರಲ್ಲಿ ನನ್ನ ವಯಸ್ಸು ನನ್ನನ್ನು ಹಿಡಿಯಿತು. ಬೆಟ್ಟದ ದಾರಿಯಲ್ಲಿ ಸುಮಾರು ನಲವತ್ತು ತಿರುವು ಎನ್ನುತ್ತಾರೆ, ತಿರುವಿಗೊಂದು ನಂಬರೂ ಬರೆದಿದ್ದಾರೆ. ಯಾಕೆ ಬರೆದರೋ! ನಂಬರಿಲ್ಲದಿದ್ದರೆ ಮನುಷ್ಯ ಇನ್ನೇನು ಮುಗಿಯಿತು ಎಂಬ ಭ್ರಮೆಯಲ್ಲಾದರೂ ತುಳಿಯಬಹುದು. ನಾನು ಆ ನಂಬರುಗಳನ್ನು ನೋಡುವುದು ಬಿಟ್ಟು ಮಂಡಿಯ ಲೆಕ್ಕ ಹಿಡಿದೆ. ಮಂಡಿಯಲ್ಲಿ ಮೂಟೆ ಎಣಿಸುವಾಗ ನಾವು ಒಂದು ಎನ್ನುವುದಿಲ್ಲ. ಮೊದಲನೆಯದು ಲಾಭ. ಲಾಭ, ಎರಡು, ಮೂರು, ಹೀಗೆ. ಪೆಡಲು ತುಳಿದಂತೆಲ್ಲ ಹಾಗೇ ಎಣಿಸಿದೆ. ಇಪ್ಪತ್ತಾದ ಮೇಲೆ ಮತ್ತೆ ಲಾಭ. ಸ್ವಲ್ಪ ದೂರ ಹೋದ ಮೇಲೆ ಇಪ್ಪತ್ತು ದೂರವೆನಿಸಿ ಹತ್ತಕ್ಕೇ ಲಾಭ. ಕಡೆಕಡೆಗೆ ಲಾಭ, ಎರಡು, ಲಾಭ, ಎರಡು. ವ್ಯಾಪಾರದಲ್ಲಿ ಇಷ್ಟು ಲಾಭ ಕಂಡವರು ಯಶವಂತಪುರದಲ್ಲೇ ಇಲ್ಲ.

ಏಳು ಕಡೆ ನಿಂತೆ. ನಿಂತಾಗಲೆಲ್ಲ ಕಣಿವೆ ನೋಡುವವನಂತೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದೆ. ಕಣಿವೆಯಲ್ಲಿ ಮಂಜು ಬಿಟ್ಟು ಏನೂ ಇರಲಿಲ್ಲ. ಒಂದು ಕಡೆ ಮಂಗವೊಂದು ಕಟ್ಟೆಯ ಮೇಲೆ ಕೂತು ನನ್ನನ್ನೇ ದಿಟ್ಟಿಸಿತು. ನಾನು ಕಡ್ಲೆಮಿಠಾಯಿಯ ಕಾಗದ ಬಿಚ್ಚಿದ ಸದ್ದಿಗೆ ಅದು ಎದ್ದು ಬಂದ ಗತ್ತು ನೋಡಿ ಇಡೀ ಮಿಠಾಯಿಯನ್ನು ಒಂದೇ ಗುಕ್ಕಿಗೆ ಬಾಯಿಗೆ ಹಾಕಿಕೊಂಡೆ. ಕೆನ್ನೆ ಉಬ್ಬಿಸಿಕೊಂಡು ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಹೊರಗಿನವರಿಗೆ ನಮ್ಮಲ್ಲಿ ಯಾರು ಯಾರೆಂದು ಗೊತ್ತಾಗುತ್ತಿತ್ತೋ ಇಲ್ಲವೋ.

ಸೈಕಲ್ ಸವಾರರು ಹಿಂದಿನಿಂದ ಬಂದು ದಾಟಿ ಹೋಗುತ್ತಿದ್ದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು, ಹಳದಿ ಹೆಲ್ಮೆಟ್ಟಿನವಳು, ನನ್ನ ಪಕ್ಕ ಬಂದು ಮಾತಾಡಿಸುವಷ್ಟು ಉಸಿರು ಉಳಿಸಿಕೊಂಡಿದ್ದಳು.

"ಸೂಪರ್ ಅಂಕಲ್! ಹ್ಯಾಂಡಲ್‌ಗೆ ಬಾಳೆಕಂದು ಕಟ್ಕೊಂಡು ಹತ್ತೋರನ್ನ ಇವತ್ತೇ ನೋಡಿದ್ದು."

ಲಾಭ ಎನ್ನಬೇಕಾಗಿದ್ದರಿಂದ ನಾನು ಉತ್ತರಿಸಲಿಲ್ಲ.

ಕೊನೆಯ ಏರು ಇದೆಯಲ್ಲ, ಅದನ್ನು ರಸ್ತೆ ಎನ್ನುವುದಕ್ಕಿಂತ ಗೋಡೆ ಎನ್ನಬಹುದು. ಅಲ್ಲಿ ನಾನು ಎಣಿಕೆಯನ್ನೂ ಬಿಟ್ಟೆ. ಎದುರಿನ ಚಕ್ರದಲ್ಲಿ ಕುಂಕುಮದ ಬಿಲ್ಲೆ ನಿಧಾನವಾಗಿ ತಿರುಗುತ್ತಿತ್ತು. ಅದು ಒಂದು ಸುತ್ತು ಬಂದರೆ ಇನ್ನೊಂದು ಸುತ್ತು ಕೇಳೋಣ ಎಂದುಕೊಂಡೆ. ಅದು ಬರುತ್ತಲೇ ಹೋಯಿತು. ಕಡೆಗೆ ಮಂಜಿನೊಳಗಿನಿಂದ ಟಿಕೆಟ್ ಕೌಂಟರಿನ ಗೋಡೆ ಎದುರಾಯಿತು, ಮೇಲೆ ಹತ್ತಲು ರಸ್ತೆ ಉಳಿದಿರಲಿಲ್ಲ.

ಸೈಕಲ್ಲನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತೆ. ತಲೆ ಸುತ್ತುತ್ತಿದೆಯೇ ಎಂದು ಪರೀಕ್ಷಿಸಿದೆ. ಇಲ್ಲ. ಕಾಲು ನಡುಗುತ್ತಿತ್ತು, ಎದೆ ತಮಟೆ ಬಾರಿಸುತ್ತಿತ್ತು, ಆದರೆ ಆಕಾಶ ನೆಟ್ಟಗೆ ಇತ್ತು. ಬಿದ್ದ ದಿನದಿಂದ ನನಗೂ ನನ್ನ ಮೇಲೆ ಒಂದು ಅನುಮಾನ ಇತ್ತು. ಹೆಂಡತಿಗೆ ಅದನ್ನು ಹೇಳಿರಲಿಲ್ಲ. ಜೊತೆಗೆ ಅವಳು ಬರುವುದಕ್ಕೆ ನಾನು ಕೂಗಾಡುತ್ತಿದ್ದರೂ, ರಸ್ತೆ ದಾಟುವಾಗ ಪಕ್ಕದಲ್ಲಿ ಅವಳ ಬಟ್ಟೆ ಚೀಲ ಇದೆಯೇ ಎಂದು ನೋಡಿಕೊಳ್ಳುತ್ತಿದ್ದವನು ನಾನೇ. ಆ ಟಿಕೆಟ್ ಕೌಂಟರಿನ ಮುಂದೆ ಕೂತು, ಯಾರ ಚೀಲವನ್ನೂ ಹುಡುಕದೆ, ಒಂದು ಲೋಟ ಸಕ್ಕರೆಯಿಲ್ಲದ ಟೀ ಕುಡಿದೆ. ಅಷ್ಟು ರುಚಿಯಿಲ್ಲದ ಟೀ ಅಷ್ಟು ರುಚಿಯಾಗಿದ್ದುದು ಅದೇ ಮೊದಲು.

ಇನ್ನು ಇಳಿಯುವುದು ತಾನೇ? ಮೂಟೆ ಇಳಿಯುವುದಕ್ಕೆ ಯಾರಾದರೂ ಚಿಂತೆ ಮಾಡುತ್ತಾರೆಯೇ? ಹೆಲ್ಮೆಟ್ ಬಿಗಿದು, ವಿಜಯಿಯ ಗತ್ತಿನಲ್ಲಿ ಹತ್ತಿ ಕೂತೆ.

ಸೈಕಲ್ ಹೊರಟಿತು. ಹತ್ತು ಮಾರು ಹೋಗುವಷ್ಟರಲ್ಲಿ ವೇಗ ಜಾಸ್ತಿಯಾಯಿತೆನಿಸಿ ಬ್ರೇಕು ಅದುಮಿದೆ. ಬೆಟ್ಟವೆಲ್ಲ ಕೇಳುವಂತೆ ಶಂಖಧ್ವನಿ ಎದ್ದಿತು. ಧ್ವನಿಯ ಹೊರತು ಮತ್ತೇನೂ ಆಗಲಿಲ್ಲ. ಎರಡೂ ಕೈಯಿಂದ ಪೂರ್ತಿ ಅದುಮಿದೆ. ಸೈಕಲ್ ನನ್ನ ಅಹವಾಲನ್ನು ಆಲಿಸಿದಂತೆ ಮಾಡಿ ಮುಂದುವರಿಯಿತು. ಐವತ್ತು ವರ್ಷದ ಹಳೇ ಅಭ್ಯಾಸ ತಾನಾಗಿ ಎಚ್ಚೆತ್ತು ಎರಡೂ ಕಾಲು ನೆಲಕ್ಕೆ ಉಜ್ಜಿದೆ. ಬೂಟಿನ ಅಟ್ಟೆ ಕಿರುಚಿತು. ತಿರುವು ಕಂಡಿತು, ಅದರಾಚೆ ಬರೀ ಮಂಜು. ಹ್ಯಾಂಡಲ್ಲನ್ನು ಬಂಡೆಯ ಕಡೆಗೆ ತಿರುಗಿಸಿ, ರಸ್ತೆ ಬದಿಯ ಮಣ್ಣಿನಲ್ಲಿ ಚಕ್ರ ಹೂತು, ನಾನು ಆ ಬಂಡೆಯನ್ನು ಬಹುಕಾಲದ ಬಂಧುವಿನಂತೆ ಅಪ್ಪಿಕೊಂಡು ನಿಂತೆ.

ಬಾಳೆಕಂದು ಮುರಿದಿತ್ತು. ನನಗೇನೂ ಆಗಿರಲಿಲ್ಲ.

ಹಿಂದೆಯೇ ಇಳಿಯುತ್ತಿದ್ದ ಹಳದಿ ಹೆಲ್ಮೆಟ್ಟಿನವಳು ನಿಲ್ಲಿಸಿ ಓಡಿಬಂದಳು. "ಅಂಕಲ್, ಪೆಟ್ಟಾಯ್ತಾ?" ಇಲ್ಲವೆಂದೆ. ಅವಳು ಬಗ್ಗಿ ಚಕ್ರ ನೋಡಿ, ಬಿಲ್ಲೆಯ ಮೇಲೆ ಬೆರಳಾಡಿಸಿ, ಬೆರಳು ಮೂಸಿದಳು. ಅವಳ ಮುಖಕ್ಕೆ ವೈದ್ಯರಲ್ಲಿ ಕಾಣುವಂಥ ಗಾಂಭೀರ್ಯ ಬಂತು.

"ಡಿಸ್ಕ್‌ಗೆ ಏನ್ ಹಚ್ಚಿದೀರಾ?"

"ಕುಂಕುಮ ಕಣಮ್ಮ."

"ಅದ್ ಕಾಣ್ತಿದೆ. ಮತ್ತೆ?"

"ವಿಭೂತಿ."

"ಮತ್ತೆ ಅಂಕಲ್?"

"...ಎಳ್ಳೆಣ್ಣೆ. ಕುಂಕುಮ ನಿಲ್ಲಲಿ ಅಂತ."

"ಕುಂಕುಮ ನಿಂತಿದೆ" ಎಂದಳು ಆಕೆ. "ಸೈಕಲ್ ನಿಲ್ತಿಲ್ಲ." ನಗಬಾರದೆಂದು ತುಟಿ ಕಚ್ಚಿಕೊಂಡಿದ್ದಳು, ಒಳ್ಳೆಯ ಮನೆತನದ ಹುಡುಗಿ. "ಎಣ್ಣೆ ಪ್ಯಾಡ್‌ಗೆಲ್ಲ ಇಳಿದಿದೆ. ಒರೆಸಿದ್ರೆ ಹೋಗಲ್ಲ, ಪ್ಯಾಡೇ ಬದಲಾಯಿಸ್ಬೇಕು. ಇದ್ರಲ್ಲಿ ಇಳೀಬೇಡಿ ಪ್ಲೀಸ್. ಮೇಲೆ ನನ್ ಫ್ರೆಂಡ್ ಕಾರಿದೆ, ಸೈಕಲ್ ಹಾಕ್ಕೊಂಡು ಬಿಡ್ತೀವಿ."

ಕಾರಿನಲ್ಲಿ ಇಳಿದರೆ ಅದೂ ಬೆಂಗಾವಲೇ. ಬೇಡವೆಂದೆ, ನಡೆದೇ ಇಳಿಯುತ್ತೇನೆಂದೆ. ಅವಳು ಎರಡು ಸಲ ಕೇಳಿ, ನನ್ನ ಬಾಟಲಿಗೆ ತನ್ನ ನೀರು ಸುರಿದು ಹೊರಟಳು.

ಅವಳು ಮರೆಯಾದ ಮೇಲೆ ನಾನು ಒಬ್ಬನೇ ನಿಂತೆ. ಇಲ್ಲಿ ನಾನು ಸತ್ಯ ಹೇಳಬೇಕು. ನಡೆಯುತ್ತೇನೆಂದು ಅವಳಿಗೆ ಹೇಳಿದ್ದೆ ಹೊರತು ಹಾಗೆಂದು ತೀರ್ಮಾನಿಸಿರಲಿಲ್ಲ. ಕಡಿದಾದ ಜಾಗದಲ್ಲಿ ನಡೆದು, ಸಪಾಟಿದ್ದ ಕಡೆ ಹತ್ತಿ, ಚಪ್ಪಲಿ ಬ್ರೇಕಿನ ವಿದ್ಯೆಯಿಂದ ಹೇಗಾದರೂ ಬುಡ ಮುಟ್ಟಿಬಿಟ್ಟರೆ, ಕೊನೆಯ ತಿರುವಿನಲ್ಲಿ ಎದೆಯುಬ್ಬಿಸಿ ಸವಾರಿ ಮಾಡಿಕೊಂಡು ಅವಳ ಮುಂದೆ ನಿಂತರೆ, ಕೇಳುವವರು ಯಾರು? ಮೇಲೆ ಏನಾಯಿತೆಂದು ನೋಡಿದ್ದು ಒಂದು ಬಂಡೆ ಮತ್ತು ಆಗಲೇ ಹೊರಟುಹೋದ ಒಂದು ಹಳದಿ ಹೆಲ್ಮೆಟ್ಟು ಮಾತ್ರ. ನಡೆದರೆ ಸೈಕಲ್ ಮಾಕಳಿಗೆ. ಮತ್ತೆ ಗಣೇಶನ ಗುಡಿ, ನೀರಿನ ಟ್ಯಾಂಕು, ಕ್ಷೌರದಂಗಡಿಯ ಬೆಂಚು.

ಕಾಲೆತ್ತಿ ಸೀಟಿನ ಮೇಲೆ ಹಾಕಿದೆ ಕೂಡ.

ನಡೆದರೆ ತಡವಾಗುತ್ತದೆ, ಅದು ಇನ್ನೊಂದು ತೊಡಕು. ಅವಳು ಕೆಳಗೆ ಕೂತಿರುತ್ತಾಳೆ, ಕೈಯಲ್ಲಿ ಫೋನು, ಮಾಡುವುದಿಲ್ಲವೆಂದು ಮಾತು ಕೊಟ್ಟಿದ್ದಾಳೆ. ಇಷ್ಟು ಹೊತ್ತಾದರೂ ನನ್ನ ಫೋನು ಒಮ್ಮೆಯೂ ಹೊಡೆದುಕೊಂಡಿರಲಿಲ್ಲ. ನಾನು ಗೆರೆ ದಾಟಿ ಮುಕ್ಕಾಲು ಗಂಟೆಗೆ ಬೇರೆ ಬೇರೆ ಚಪ್ಪಲಿ ಮೆಟ್ಟಿ ಓಡಿದವಳು ಅವಳು. ಸೀಟಿನಿಂದ ಕಾಲಿಳಿಸಿ ಜೇಬಿನಿಂದ ಫೋನ್ ತೆಗೆದೆ.

ಮೊದಲ ರಿಂಗಿಗೇ ಎತ್ತಿದಳು. ಮಾತಾಡಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ಯಾರ ದನಿ ಬರುತ್ತದೋ ಎಂದು ಕಾಯುತ್ತಿದ್ದಾಳೆಂದು ನನಗೆ ಆಗ ಹೊಳೆಯಿತು.

"ನಾನೇ ಕಣೆ" ಎಂದೆ. "ನಾನೇ ಮಾತಾಡ್ತಿರೋದು. ಹತ್ತಿದೆ. ಪೂರ್ತಿ ಸೈಕಲ್ ಮೇಲೇ ಹತ್ತಿದೆ. ಏನೂ ಆಗಿಲ್ಲ, ತಲೆ ನೆಟ್ಟಗಿದೆ. ಆದ್ರೆ ಬ್ರೇಕ್ ಹಿಡೀತಿಲ್ಲ. ನಡ್ಕೊಂಡು ಇಳೀತಿದೀನಿ. ತಡ ಆಗುತ್ತೆ."

ಆ ಕಡೆ ಅವಳ ಹಿಂದೆ ಭಾಮೈದ, "ಏನಂತೆ ಅಕ್ಕ? ಆಟೋ ತಗಂಡ್ ಓಗ್ಲಾ ಮ್ಯಾಲಕ್ಕೆ?" ಎನ್ನುತ್ತಿದ್ದ.

"ಸುಮ್ನಿರೋ" ಎಂದಳು ಅವನಿಗೆ. ಆಮೇಲೆ ನನಗೆ, "ಬ್ರೇಕ್ ಯಾಕೆ ಹಿಡೀತಿಲ್ಲ?"

"ಎಣ್ಣೆ" ಎಂದೆ.

ನಾನು ಕಾದೆ. ದಾಂಪತ್ಯದ ಮೂವತ್ತಾರು ವರ್ಷದಲ್ಲಿ ಇಷ್ಟು ಖಚಿತವಾಗಿ "ನಾನ್ ಹೇಳ್ಲಿಲ್ವಾ" ಎನ್ನುವ ಅವಕಾಶ ಅವಳಿಗೆ ಸಿಕ್ಕಿರಲಿಲ್ಲ. ಅವಳು ಅದನ್ನು ಬಳಸಲಿಲ್ಲ.

"ನಡ್ಕೊಂಡೇ ಬನ್ನಿ" ಎಂದಳು. "ಅವಸರ ಇಲ್ಲ. ಇಲ್ಲೇ ಇರ್ತೀನಿ."

ಬೆಟ್ಟ ಹತ್ತುವುದು ಕಷ್ಟವೆಂದು ಹೇಳುವವರು ಸೈಕಲ್ ಹಿಡಿದು ನಡೆದು ಇಳಿದಿಲ್ಲ. ಅದು ಮುಂದೆ ಎಳೆಯುತ್ತದೆ, ನಾವು ಹಿಂದೆ ಎಳೆಯಬೇಕು. ಜಾತ್ರೆಯಲ್ಲಿ ಹೊಸದಾಗಿ ಕೊಂಡ ಹೋರಿಯಂತೆ. ಮೊಣಕಾಲು ಪ್ರತಿ ಹೆಜ್ಜೆಗೂ ತಕರಾರು ಸಲ್ಲಿಸುತ್ತಿತ್ತು. ಮೇಲಕ್ಕೆ ಹೋಗುವ ಬೈಕಿನ ಹುಡುಗರು, "ಏನ್ ಗುರು, ಸೈಕಲ್‌ಗೆ ವಾಕಿಂಗಾ?" ಎಂದು ಕೂಗಿದರು. ಸೌಜನ್ಯಕ್ಕೆ ಕೈಯೆತ್ತಿದೆ. ನಡುವೆ ಮಂಜು ಕರಗಿ, ಹತ್ತುವಾಗ ಸುಳ್ಳು ಸುಳ್ಳೇ ನೋಡಿದ್ದ ಕಣಿವೆ ನಿಜವಾಗಿ ಕಾಣಿಸಿತು. ಹಸಿರು, ಕೆರೆ, ದೂರದಲ್ಲಿ ನಮ್ಮ ಊರಿನ ದಿಕ್ಕಿನಲ್ಲಿ ಬೂದು ಬಣ್ಣದ ಕಟ್ಟಡಗಳ ರಾಶಿ. ಅಲ್ಲೆಲ್ಲೋ ಒಂದು ಮಹಡಿ.

ಕೊನೆಯ ತಿರುವು ದಾಟಿದಾಗ ಬಿಸಿಲೇರಿತ್ತು. ಅವಳು ಎಳನೀರಿನ ಅಂಗಡಿಯ ನೆರಳು ಬಿಟ್ಟು ರಸ್ತೆಯ ನಡುವೆ ಛತ್ರಿ ಹಿಡಿದು ನಿಂತಿದ್ದಳು. ಎದುರಿಗೆ ಬರಲಿಲ್ಲ. ನಾನು ಹೋಗಿ ಮುಂದೆ ನಿಲ್ಲುವವರೆಗೂ ಅಲ್ಲಾಡಲಿಲ್ಲ. ಮುಖ ನೋಡಿದಳು, ಕೈ ನೋಡಿದಳು, ಬೂಟು ನೋಡಿದಳು. ಒಂದು ಅಟ್ಟೆ ಬಾಯಿ ಬಿಟ್ಟಿತ್ತು.

"ಮೊಣಕಾಲು ನೋಯ್ತಿದ್ಯಾ?"

"ಇಲ್ಲ" ಎಂದೆ.

"ಸುಳ್ಳು" ಎಂದು ಎಳನೀರು ಕೈಗಿತ್ತಳು.

ಭಾಮೈದ ಎಡಗೈಯಲ್ಲಿ ಬೋಂಡಾದ ಪೊಟ್ಟಣ ಹಿಡಿದೇ ಬಂದ. "ಭಾವ, ತಪ್ ತಿಳ್ಕಾಬೇಡಿ. ಮಾತು ಅಂದ್ರೆ ಮಾತು. ಸೈಕಲ್ ಮ್ಯಾಲೇ ಇಳೀಬೇಕು ಅಂತಿತ್ತು. ನೀವ್ ಸೋತ್ರಿ, ಬೋಂಡಾ ಗೆದ್ದದೆ" ಎನ್ನುತ್ತ, ಸೈಕಲ್ಲನ್ನು ಎತ್ತಿ ಆಟೋಗೆ ಹಾಕಿ ಹಗ್ಗ ಬಿಗಿದ. ನ್ಯಾಯವಾಗಿಯೇ ಇತ್ತು. ನಾನೂ ಹತ್ತಿ ಕೂತೆ.

ದೇವನಹಳ್ಳಿ ಬಂತು, ಯಲಹಂಕ ಬಂತು. ಜಾಲಹಳ್ಳಿಯ ಹತ್ತಿರ ಭಾಮೈದ, "ಮೊದ್ಲು ನಿಮ್ಮುನ್ನ ಇಳಿಸ್ಬುಟ್ಟು, ಸೈಕಲ್ ಮಾಕಳಿಗೆ ತಗಂಡೋಯ್ತೀನಿ" ಎಂದ.

"ಸೈಕಲ್ಲೂ ನಮ್ಮನೇಲೇ ಇಳ್ಸು" ಎಂದಳು ಅವಳು, ಕಿಟಕಿಯ ಹೊರಗೆ ನೋಡುತ್ತ.

"ಅಕ್ಕ, ಮಾತು..."

"ಇಳ್ಸು ಅಂದೆ. ಬೋಂಡಾ ತಿನ್ನು ನೀನು."

ಅವನು ಓರೆಗಣ್ಣಿನಲ್ಲಿ ನನ್ನ ಮುಖ ನೋಡಿದ. ನಾನು ಅತ್ಯಂತ ಗಂಭೀರವಾಗಿ ಮುಂದಿನ ರಸ್ತೆ ನೋಡಿದೆ.

ಬ್ರೇಕಿನ ಪ್ಯಾಡು ಬದಲಾಯಿತು. ಅಂಗಡಿಯವನು ಹಳೆಯದನ್ನು ಮೂಸಿ, "ಇದ್ರಲ್ಲಿ ಒಗ್ಗರಣೆ ಹಾಕಿದ್ರಾ ಸಾರ್?" ಎಂದು ಕೇಳಿದ್ದನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅದಾದ ಮೇಲೂ ಒಂದು ವಾರ ನಾನು ಟ್ಯಾಂಕಿನ ಗಡಿ ದಾಟಲಿಲ್ಲ. ಯಾರೂ ಏನೂ ಘೋಷಿಸಿರಲಿಲ್ಲ, ನಾನಾಗಿ ಕೇಳಲು ಬಾಯಿ ಬರಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ನಾನು ಸೈಕಲ್ ಒರೆಸುತ್ತಿದ್ದಾಗ ಅಡುಗೆಮನೆಯಿಂದ ದನಿ ಬಂತು.

"ರೀ, ಯಶವಂತಪುರದ ಕಡೆ ಹೋಗ್ತೀರೇನು?"

ನನ್ನ ಕೈಯ ಬಟ್ಟೆ ನಿಂತಿತು. "ಯಾಕೆ?"

"ಹೋದ್ರೆ ಎರಡು ಕೆಜಿ ಈರುಳ್ಳಿ ತನ್ನಿ. ಇಲ್ಲಿ ಕೊಡೋದೆಲ್ಲ ಮೊಳಕೆ ಬಂದಿದ್ದೇ. ತಿಂಡಿ ತಿಂದ್ಕೊಂಡು ಹೋಗಿ."

ಉಪ್ಪಿಟ್ಟು ತಿಂದೆ, ಮಾತ್ರೆ ನುಂಗಿದೆ. ಅವಳ ಬಟ್ಟೆ ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಅದನ್ನೇ ತೆಗೆದು ಹ್ಯಾಂಡಲ್ಲಿಗೆ ಸಿಕ್ಕಿಸಿದೆ. ಟ್ಯಾಂಕಿನ ಏರು ಹತ್ತಿ, ಗಡಿಯ ಹತ್ತಿರ ಒಮ್ಮೆ ನಿಲ್ಲಿಸಿ ತಿರುಗಿ ನೋಡಿದೆ. ನಮ್ಮ ಮಹಡಿಯ ಮೇಲೆ ಬಟ್ಟೆಗಳು ಒಣಗುತ್ತಿದ್ದವು. ಯಾರೂ ಇರಲಿಲ್ಲ. ಕೋರಿದ ಸ್ವಾತಂತ್ರ್ಯ ಕೈಗೆ ಬಂದ ಗಳಿಗೆಯಲ್ಲಿ ಸ್ವಲ್ಪ ಬೇಸರವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಮಂಡಿಯ ಮುಂದೆ, ಆವತ್ತು ಬಿದ್ದ ಜಾಗದಲ್ಲೇ ಸೈಕಲ್ ನಿಲ್ಲಿಸಿ ಫೋನ್ ಮಾಡಿದೆ.

"ತಲುಪಿದೆ" ಎಂದೆ.

"ಯಾರ್ ಕೇಳಿದ್ರು?" ಎಂದಳು. ಎತ್ತಿದ್ದು ಮಾತ್ರ ಮೊದಲ ರಿಂಗಿಗೇ.